ಕಿರುಚಿತ್ರದ ಶಬ್ದವನ್ನು ಶೂಟಿಂಗ್‌ಗೆ ಮುಂಚೆಯೇ ನೋಡುಗರಿಗೆ ಕೇಳಿಸಿ

(ಬೆಂಗಳೂರಿನ ಕಾಲೇಜೊಂದರ ಸಿನಿಮಾ ಕ್ಲಬ್‌ನಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಸ್ಪೀಕರ್‌ನಲ್ಲಿ ಕೇಳಿಸಿದ ಶಬ್ದಗಳನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ. ಉಳಿದದ್ದು ಹೆಚ್ಚು ಕಡಿಮೆ ಹೇಳಿದ ಹಾಗೆಯೇ ಇದೆ.)

ಎಲ್ಲರಿಗೂ ನಮಸ್ಕಾರ. ಈ ಸೆಮಿಸ್ಟರ್‌ನಲ್ಲಿ ನೀವೆಲ್ಲ ಒಂದೊಂದು ಕಿರುಚಿತ್ರ ಮಾಡಲೇಬೇಕು ಅಂತ ನಿಮ್ಮ ಮೇಷ್ಟ್ರು ಹೇಳಿದರು. ಹಾಗಾಗಿ ನೇರ ಕೆಲಸದ ಮಾತಿಗೆ ಬರೋಣ.

ವಿದ್ಯಾರ್ಥಿಗಳ ಚಿತ್ರಗಳನ್ನು ನಾನು ಬಹಳ ನೋಡುತ್ತೇನೆ, ಇಷ್ಟಪಟ್ಟೇ ನೋಡುತ್ತೇನೆ. ಈಗ ಫೋನಿನಲ್ಲಿ ತೆಗೆದರೂ ಬೆಳಕು, ಬಣ್ಣ, ಫ್ರೇಮು ಎಲ್ಲ ಚೆನ್ನಾಗಿಯೇ ಇರುತ್ತದೆ. ಪಾತ್ರ ಬಾಯಿ ತೆರೆದ ಕೂಡಲೇ ತೊಂದರೆ ಶುರು. ಮಾತು ಗೋಡೆಗೆ ಬಡಿದು ಗುಂಯ್ ಅನ್ನುತ್ತದೆ, ಒಂದು ಶಾಟ್‌ನಲ್ಲಿ ಫ್ಯಾನ್ ಶಬ್ದ ಇದ್ದರೆ ಮುಂದಿನದ್ದರಲ್ಲಿ ಇಲ್ಲ, ಅದನ್ನೆಲ್ಲ ಮುಚ್ಚೋಕೆ ಅಂತ ಮೇಲೊಂದು ಪಿಯಾನೋ ಸಂಗೀತ ಹಾಕಿರುತ್ತಾರೆ. ಯಾಕೆ ಹೀಗಾಗುತ್ತದೆ ಅಂದರೆ, ಯಾವ ಕ್ಯಾಮೆರಾ, ಯಾವ ಲೆನ್ಸ್, ಡ್ರೋನ್ ಸಿಗುತ್ತಾ ಅಂತ ತಿಂಗಳುಗಟ್ಟಲೆ ಮಾತಾಡುವ ತಂಡ ಶಬ್ದದ ಬಗ್ಗೆ ಯೋಚಿಸುವುದು ಎಡಿಟಿಂಗ್‌ಗೆ ಕೂತ ಮೇಲೆ, ನೋಡುಗರ ಬಗ್ಗೆ ಯೋಚಿಸುವುದು ಅಪ್‌ಲೋಡ್ ಮಾಡಿ ಲಿಂಕ್ ಹಂಚುವಾಗ. ಈ ಎರಡನ್ನೂ ಎಲ್ಲಕ್ಕಿಂತ ಮೊದಲು ತನ್ನಿ, ಒಟ್ಟಿಗೆ ತನ್ನಿ ಅನ್ನುವುದೇ ಇವತ್ತಿನ ನನ್ನ ಮಾತು. ನಿಮ್ಮ ಚಿತ್ರವನ್ನು ಯಾರು, ಎಲ್ಲಿ, ಯಾವುದರಲ್ಲಿ ಕೇಳುತ್ತಾರೆ ಅಂತ ತಿಳಿದುಕೊಂಡರೆ ಯಾವ ಶಬ್ದದ ಮೇಲೆ ಕತೆ ನಿಲ್ಲಿಸಬಹುದು ಅಂತ ತಿಳಿಯುತ್ತದೆ. ಅದು ತಿಳಿದರೆ ಎಷ್ಟೋ ಶಾಟ್‌ಗಳನ್ನು ತೆಗೆಯುವುದೇ ಬೇಕಿರುವುದಿಲ್ಲ.

ನಿಮ್ಮ ನೋಡುಗರು ಯಾರು ಅಂತ ಕೇಳಿದರೆ "ಎಲ್ಲರೂ, ಮುಖ್ಯವಾಗಿ ಯುವಜನರು" ಅಂತ ಉತ್ತರ ಬರುತ್ತದೆ. ಅದರಿಂದ ಏನೂ ತೀರ್ಮಾನ ಮಾಡೋಕೆ ಆಗುವುದಿಲ್ಲ. ವಯಸ್ಸು ಆಮೇಲೆ ಕೇಳಿ, ಮೊದಲು ಜಾಗ ಕೇಳಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಹೋಗುವ 500ಡಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತುಕೊಂಡು ಫೋನ್ ಸ್ಪೀಕರ್‌ನಲ್ಲೇ ನೋಡುತ್ತಾರಾ? ಮೆಟ್ರೋದಲ್ಲಿ ಜೋರಾಗಿ ಹಾಕುವ ಹಾಗಿಲ್ಲ, ಹಾಗಾಗಿ ಇಯರ್‌ಫೋನ್ ಇರುತ್ತದೆ, ಅಲ್ಲಿ ಪಿಸುಮಾತು ಕೂಡ ಕೇಳುತ್ತದೆ. ರಾತ್ರಿ ಪಿಜಿ ರೂಮಿನಲ್ಲಿ ಪಕ್ಕದವರು ಮಲಗಿದ್ದಾರೆ ಅಂತ ಶಬ್ದ ಪೂರ್ತಿ ಕಡಿಮೆ ಮಾಡಿ ಬರೀ ಸಬ್‌ಟೈಟಲ್ ಓದುತ್ತಾರಾ? ಅಥವಾ ಕಾಲೇಜ್ ಫೆಸ್ಟ್‌ನಲ್ಲಿ, ಫ್ಯಾನುಗಳು ತಿರುಗುತ್ತಿರುವ ದೊಡ್ಡ ಹಾಲ್‌ನಲ್ಲಿ ತೀರ್ಪುಗಾರರು ನೋಡುತ್ತಾರಾ? ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಕಡೆ ಕತ್ತಲಲ್ಲಿ ಕೂತು ಗಮನ ಕೊಟ್ಟು ನೋಡುವವರಿಗೆ ತೋರಿಸುವ ಆಸೆ ಇದೆಯಾ? ಈ ಐದು ಜಾಗಕ್ಕೂ ಒಂದೇ ಥರದ ಶಬ್ದ ಹೊಂದುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಮನುಷ್ಯರ ಕಿವಿ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಕೇಳಿಸಿಕೊಳ್ಳುತ್ತದೆ. ಫೋನಿನ ಪುಟ್ಟ ಸ್ಪೀಕರ್‌ಗೆ ಕೆಳಗಿನ ಸ್ವರಗಳನ್ನು ಹೊರಡಿಸುವ ಶಕ್ತಿಯೇ ಇಲ್ಲ. ಭಯ ಹುಟ್ಟಿಸೋಕೆ ಅಂತ ನೀವು 50 ಹರ್ಟ್ಜ್‌ನ ಗುಡುಗುಡು ಶಬ್ದ ಹಾಕಿ, ಹೆಡ್‌ಫೋನಿನಲ್ಲಿ ಕೇಳಿ ಮೈ ಜುಂ ಅಂದಿತು ಅಂತ ಖುಷಿಪಟ್ಟರೆ, ಬಸ್ಸಿನಲ್ಲಿ ನೋಡುವವರಿಗೆ ಆ ಜಾಗದಲ್ಲಿ ಏನೂ ಇರುವುದಿಲ್ಲ. ಪಾತ್ರ ಯಾಕೆ ಹೆದರಿಕೊಂಡಿತು ಅಂತಲೇ ಅವರಿಗೆ ಗೊತ್ತಾಗುವುದಿಲ್ಲ. ಕಿವಿ ಚುರುಕಾಗಿರುವುದು 2,000ದಿಂದ 5,000 ಹರ್ಟ್ಜ್ ಆಸುಪಾಸಿನಲ್ಲಿ. ಮಾತಿನಲ್ಲಿ ವ್ಯಂಜನಗಳು ಸ್ಪಷ್ಟವಾಗಿ ಕೇಳುವುದೂ ಹೆಚ್ಚಾಗಿ ಆ ಭಾಗದಿಂದಲೇ. ಫೋನಿನ ಸ್ಪೀಕರ್ ಅಷ್ಟನ್ನು ಚೆನ್ನಾಗಿಯೇ ಕೊಡುತ್ತದೆ. ಅಂದರೆ ನೋಡುಗರ ಕೈಯಲ್ಲಿ ಏನಿದೆ ಅನ್ನುವುದನ್ನು ನೋಡಿಕೊಂಡೇ ಕತೆಯ ಮುಖ್ಯ ಶಬ್ದವನ್ನು ಆರಿಸಬೇಕು.

ಇನ್ನು ಸಂಶೋಧನೆ ಅಂದ ಕೂಡಲೇ ಗೂಗಲ್ ಫಾರ್ಮ್. "ನಿಮಗೆ ಯಾವ ಜಾನರ್ ಇಷ್ಟ? ಥ್ರಿಲ್ಲರ್, ರೊಮ್ಯಾನ್ಸ್, ಕಾಮಿಡಿ." ವಾಟ್ಸಾಪ್ ಗ್ರೂಪಿಗೆ ಹಾಕುತ್ತೀರಿ, ನಿಮ್ಮದೇ ಕ್ಲಾಸಿನ ಗೆಳೆಯರು ಒತ್ತುತ್ತಾರೆ, ಬಣ್ಣಬಣ್ಣದ ಪೈ ಚಾರ್ಟ್ ಬರುತ್ತದೆ, ಅದು ಪ್ರಾಜೆಕ್ಟ್ ರಿಪೋರ್ಟಿಗೆ ಹೋಗಿ ಅಂಟಿಕೊಳ್ಳುತ್ತದೆ. ಚಿತ್ರದ ಒಂದು ಶಾಟ್ ಕೂಡ ಅದರಿಂದ ಬದಲಾಗುವುದಿಲ್ಲ. ಪ್ರಶ್ನೆ ಬರೆಯುವಾಗ ಒಂದು ಪರೀಕ್ಷೆ ಇಟ್ಟುಕೊಳ್ಳಿ: ಇದಕ್ಕೆ ಹೌದು ಅಂತ ಬಂದರೆ ನಾನು ಏನು ಬದಲಾಯಿಸುತ್ತೇನೆ, ಇಲ್ಲ ಅಂತ ಬಂದರೆ ಏನು? ಎರಡಕ್ಕೂ "ಏನೂ ಇಲ್ಲ" ಅನ್ನುವುದಾದರೆ ಪ್ರಶ್ನೆ ತೆಗೆದುಹಾಕಿ.

ಮುಂದೆ ಏನು ಮಾಡುತ್ತೀರಿ ಅಂತಲೂ ಕೇಳಬೇಡಿ. "ಇಂಥ ಸಿನಿಮಾ ಬಂದರೆ ನೋಡ್ತೀರಾ?" ಅಂದರೆ ನಮ್ಮ ಜನ ಮುಖ ನೋಡಿ ಹೌದು ಅಂತಲೇ ಹೇಳುತ್ತಾರೆ, ಒಳ್ಳೆಯವರು. "ಕೊನೆಯದಾಗಿ ಯಾವ ಕಿರುಚಿತ್ರ ಪೂರ್ತಿ ನೋಡಿದಿರಿ, ಎಲ್ಲಿ ಕೂತಿದ್ದಿರಿ, ಇಯರ್‌ಫೋನ್ ಇತ್ತಾ?" ಅಂತ ಕೇಳಿ. ಅಂಥದ್ದು ನೆನಪಾಗದೆ ಇದ್ದರೆ ಅದೂ ಒಂದು ಉತ್ತರವೇ. ಫಾರ್ಮಿಗಿಂತ ಎದುರು ಕೂತು ಮಾತಾಡಿಸುವುದು ಒಳ್ಳೆಯದು. ಟೀ ಅಂಗಡಿ, ಬಸ್ ಸ್ಟಾಪ್, ನಿಮ್ಮ ಮನೆ ಕೆಳಗಿನ ಐರನ್ ಅಂಗಡಿ, ಎಲ್ಲಾದರೂ ಆದೀತು. ನಿಮ್ಮ ಕ್ಲಾಸಿನವರು ಮಾತ್ರ ಬೇಡ, ಅವರಿಗೆ ನಿಮ್ಮ ಕತೆ ಆಗಲೇ ಗೊತ್ತು.

ಈಗ ಒಂದು ಕತೆ ಇಟ್ಟುಕೊಂಡು ಮಾಡಿ ನೋಡೋಣ.

ಶ್ರೀರಾಮಪುರದ ಕಡೆ ಒಂದು ವಠಾರ. ದಿನ ಬಿಟ್ಟು ದಿನ ನೀರು, ಅದೂ ರಾತ್ರಿ ಮೂರು ಗಂಟೆಗೆ. ಅಜ್ಜಿಗೆ ಎದ್ದು ಓಡಾಡೋಕೆ ಆಗುವುದಿಲ್ಲ. ಪಿಯುಸಿ ಓದುವ ಮೊಮ್ಮಗಳು ನೀರು ಹಿಡಿಯಬೇಕು. ಅವಳು ಬಿಂದಿಗೆ ಇಟ್ಟು ಬಾಗಿಲ ಹತ್ತಿರ ನಿಂತು ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ, ಊರು ಬಿಟ್ಟು ಹೋಗುವ ವಿಷಯ. ಒಳಗೆ ಅಜ್ಜಿ ಮಲಗಿದ ಹಾಗಿದ್ದಾಳೆ. ಬಿಂದಿಗೆ ತುಂಬುವುದರೊಳಗೆ ಮಾತು ಮುಗಿಸಬೇಕು. ಅಷ್ಟೇ ಕತೆ, ಆರೇಳು ನಿಮಿಷ.

ಸಂಶೋಧನೆ ಅಂದರೆ ಇಲ್ಲಿ ಏನು? ಮೊದಲು ವಠಾರಕ್ಕೆ ಹೋಗಬೇಕು. "ಅಕ್ಕ, ನೀರು ಬಿಟ್ಟರು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿ. ಅಲಾರಂ ಅನ್ನುವವರು ಕಡಿಮೆ. ನಲ್ಲಿ ಸುಯ್ ಅನ್ನುತ್ತದೆ, ಎಚ್ಚರ ಆಗುತ್ತದೆ ಅನ್ನುತ್ತಾರೆ. ಅದು ನಿಜ, ಯಾಕೆಂದರೆ ನೀರು ನಿಂತ ಮೇಲೆ ಪೈಪು ಖಾಲಿಯಾಗಿ ಗಾಳಿ ತುಂಬಿಕೊಂಡಿರುತ್ತದೆ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೇಲೆತ್ತಿ ತಂದ ಕಾವೇರಿ ನೀರು ನಿಮ್ಮ ಬೀದಿಯ ವಾಲ್ವ್ ತಿರುಗಿಸಿದಾಗ ಒಳಗೆ ನುಗ್ಗಿ, ಆ ಗಾಳಿಯನ್ನು ಮುಂದೆ ತಳ್ಳುತ್ತದೆ. ಮೊದಲು ಸಣ್ಣಗೆ ಸುಯ್ ಅಂತ ಗಾಳಿ. ಆಮೇಲೆ ನಲ್ಲಿ ಕೆಮ್ಮುತ್ತದೆ, ನಾಲ್ಕು ಹನಿ ಉಗುಳುತ್ತದೆ, ಮತ್ತೆ ಗಾಳಿ. ಆಮೇಲೆ ಖಾಲಿ ಪ್ಲಾಸ್ಟಿಕ್ ಬಿಂದಿಗೆಯ ತಳಕ್ಕೆ ದಬದಬ ಅಂತ ನೀರು. ಅಲ್ಲಿಂದ ಶಬ್ದ ಬದಲಾಗುತ್ತಾ ಹೋಗುತ್ತದೆ. ಒಳಗೆ ಗಾಳಿಯ ಜಾಗ ಚಿಕ್ಕದಾದ ಹಾಗೆಲ್ಲ ಸ್ವರ ಮೇಲೇರುತ್ತದೆ, ಕುತ್ತಿಗೆ ಹತ್ತಿರ ಬಂದಾಗ ಬೇಗ ಬೇಗ ಏರುತ್ತದೆ. ನೀರು ಹಿಡಿದು ಅಭ್ಯಾಸ ಇರುವವರು ಬಿಂದಿಗೆ ನೋಡುವುದೇ ಇಲ್ಲ. ಕಿವಿಯಲ್ಲೇ ಗೊತ್ತಾಗುತ್ತದೆ.

(ಇಲ್ಲಿ ಹಾಲ್‌ನಲ್ಲಿ ದೀಪ ಆರಿಸಿ ಈ ಶಬ್ದವನ್ನು ಮಾತ್ರ ಕೇಳಿಸಿದೆ. ತುಂಬಿತು ಅನ್ನಿಸಿದಾಗ ಕೈ ಎತ್ತಿ ಅಂತ ಹೇಳಿದ್ದೆ. ಹೆಚ್ಚಿನವರ ಕೈ ಒಂದೇ ಹೊತ್ತಿಗೆ ಮೇಲೆ ಬಂತು. ಎರಡನೇ ಸಾಲಿನಿಂದ ಯಾರೋ "ಆಫ್ ಮಾಡಿ" ಅಂತ ಕೂಗಿದರು.)

ನೋಡಿದಿರಲ್ಲ. ಚಿತ್ರ ಇಲ್ಲ, ನಟರಿಲ್ಲ, ಸಂಗೀತ ಇಲ್ಲ. ಆದರೂ ಕೈ ಎತ್ತುವ ಹೊತ್ತಿಗೆ ನಿಮಗೆ ಚಡಪಡಿಕೆ ಶುರುವಾಗಿತ್ತು. ಈ ಚಡಪಡಿಕೆಯ ಮೇಲೆ ಆರು ನಿಮಿಷದ ಚಿತ್ರ ನಿಲ್ಲುತ್ತದೆ. ನಿಮ್ಮಲ್ಲಿ ಕೆಲವರು ಕೈ ಎತ್ತಲಿಲ್ಲ, ಅದನ್ನೂ ನೋಡಿದೆ. ಸಂಪು, ಓವರ್‌ಹೆಡ್ ಟ್ಯಾಂಕು ಇರುವ ಮನೆಯಲ್ಲಿ ಬೆಳೆದವರಿಗೆ ಬಿಂದಿಗೆಯ ಸ್ವರ ಅಷ್ಟು ಬೇಗ ಹೊಳೆಯದೆ ಇರಬಹುದು, ಮೊದಲ ಸುಯ್ ಶಬ್ದವಂತೂ ಏನು ಅಂತಲೇ ಗೊತ್ತಾಗದೆ ಇರಬಹುದು. ಇದೇ ನೋಡಿ ನಿಮಗೆ ಬೇಕಾದ ಮಾಹಿತಿ. ಆ ನೋಡುಗರೂ ಬೇಕು ಅಂದರೆ ಮೊದಲ ಬಿಂದಿಗೆ ತುಂಬುವುದನ್ನು ಚಿತ್ರದಲ್ಲಿ ಪೂರ್ತಿ ತೋರಿಸಿ, ಶಬ್ದ ಏರುವುದು, ತುಂಬಿ ಚೆಲ್ಲುವುದು, ಎಲ್ಲ. ಅಲ್ಲಿ ಅವರು ಕಲಿತುಕೊಳ್ಳುತ್ತಾರೆ. ಎರಡನೇ ಬಿಂದಿಗೆಯನ್ನು ಫ್ರೇಮಿನ ಹೊರಗಿಡಿ, ಕ್ಯಾಮೆರಾ ಹುಡುಗಿಯ ಮುಖದ ಮೇಲೇ ಇರಲಿ. ಒಂದು ಸಣ್ಣ ಪರೀಕ್ಷೆಯಿಂದ ಎರಡು ಶಾಟ್‌ಗಳ ಕ್ರಮ ನಿರ್ಧಾರ ಆಯಿತು, ಅಲ್ವಾ?

ಇನ್ನೊಂದು ಗಮನಿಸಿ. ಅಜ್ಜಿಯ ಮನೆ ಪಕ್ಕ ಮೋಟರ್ ಗುಂಯ್ ಅನ್ನುವುದರ ಮೇಲೆ ಸಸ್ಪೆನ್ಸ್ ಕಟ್ಟಬಹುದಿತ್ತು. ಆದರೆ ಅದರ ದಪ್ಪ ಸ್ವರ ಫೋನಿನಲ್ಲಿ ಅರ್ಧಕ್ಕರ್ಧ ಸತ್ತುಹೋಗುತ್ತದೆ. ಬಿಂದಿಗೆಯದ್ದು ಹಾಗಲ್ಲ, ಬಸ್ಸಿನ ಗಲಾಟೆಯಲ್ಲೂ ಏರುತ್ತಾ ಹೋಗುವುದು ಕೇಳುತ್ತದೆ. ನೋಡುಗರು ಎಲ್ಲಿ ನೋಡುತ್ತಾರೆ ಅಂತ ಆಗ ಕೇಳಿದ್ದು ಇಲ್ಲಿ ಕೆಲಸಕ್ಕೆ ಬಂತು.

ಇಂಥ ಕುರುಡು ಕೇಳಿಸುವಿಕೆ ಎಲ್ಲ ಮುಖ್ಯ ಶಬ್ದಕ್ಕೂ ಮಾಡಿ. ಕಾರಣ ಇದೆ. ಚಿತ್ರ ಇಲ್ಲದೆ ಕೇಳಿದರೆ ಹಪ್ಪಳ ಕರಿಯುವುದೂ ಜೋರು ಮಳೆಯೂ ಬಹಳ ಹತ್ತಿರ. ಫೋಲಿ, ಅಂದರೆ ಚಿತ್ರಕ್ಕೆ ಬೇಕಾದ ಶಬ್ದಗಳನ್ನು ಬೇರೆ ಬೇರೆ ವಸ್ತುಗಳಿಂದ ಸ್ಟುಡಿಯೋದಲ್ಲಿ ಹುಟ್ಟಿಸುವ ಕೆಲಸ, ಮಾಡುವವರು ಬದುಕುವುದೇ ಇದರ ಮೇಲೆ. ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದ ಜಾಕ್ ಫೋಲಿ ಹೆಸರು ಆ ಕೆಲಸಕ್ಕೆ ಬಂದಿದೆ. ಕರಟದ ಎರಡು ಹೋಳು ಕುಟ್ಟಿದರೆ ಕುದುರೆ ಓಡುತ್ತದೆ, ಚರ್ಮದ ಚೀಲದಲ್ಲಿ ಕಾರ್ನ್‌ಫ್ಲೋರ್ ತುಂಬಿ ಹಿಸುಕಿದರೆ ಹಿಮದ ಮೇಲೆ ನಡೆದ ಶಬ್ದ. ನಿಮಗೆ ಇದು ಎರಡು ರೀತಿ ಉಪಯೋಗ. ನಿಜವಾದ ಶಬ್ದ ನಿಜ ಅನ್ನಿಸದೆ ಇದ್ದರೆ ಬೇರೆಯದ್ದು ಹುಡುಕಬಹುದು. ನೀವು ಹಾಕಿದ್ದನ್ನು ನೋಡುಗರು ಬೇರೇನೋ ಅಂದುಕೊಂಡರೆ ಶೂಟಿಂಗ್‌ಗೆ ಮುಂಚೆಯೇ ತಿಳಿಯುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಇಪ್ಪತ್ತು ಸೆಕೆಂಡ್ ಕೇಳಿಸಿ, "ಎಲ್ಲಿದ್ದೀರಿ, ಎಷ್ಟು ಹೊತ್ತಾಗಿದೆ, ಯಾರಿದ್ದಾರೆ?" ಅಂತ ಮೂರೇ ಪ್ರಶ್ನೆ. ಉತ್ತರ ಅವರ ಮಾತಿನಲ್ಲೇ ಬರೆದುಕೊಳ್ಳಿ.

ಇದೆಲ್ಲ ಆದ ಮೇಲೆ ಸ್ಕ್ರಿಪ್ಟ್. ಪುಟದ ಬಲಕ್ಕೆ ಒಂದು ಗೆರೆ ಎಳೆದು ಶಬ್ದಕ್ಕೆ ಅಂತಲೇ ಜಾಗ ಬಿಡಿ. ಪ್ರತಿ ದೃಶ್ಯಕ್ಕೂ ಕಾಣುವ ಶಬ್ದ ಯಾವುದು, ಕಾಣದ ಶಬ್ದ ಯಾವುದು ಅಂತ ಬರೆಯಿರಿ. ಕಾಣದ ಶಬ್ದದಲ್ಲೇ ನಿಮ್ಮ ದುಡ್ಡು ಉಳಿಯುವುದು. ಬೀದಿ ಕೊನೆಯಲ್ಲಿ ಮದುವೆ ಮೆರವಣಿಗೆ ಹೋಗುವುದನ್ನು ತೋರಿಸಬೇಕಾದರೆ ಜನ, ಲೈಟು, ಬ್ಯಾಂಡ್ ಸೆಟ್, ಪರ್ಮಿಷನ್. ಕೇಳಿಸೋಕೆ ಒಂದು ಒಳ್ಳೆಯ ರೆಕಾರ್ಡಿಂಗ್ ಸಾಕು, ಹುಡುಗಿ ಒಮ್ಮೆ ಆ ಕಡೆ ತಿರುಗಿ ನೋಡಿದರೆ ನೋಡುಗರು ಉಳಿದದ್ದನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಮುಂದಿನ ದೃಶ್ಯದ ಶಬ್ದವನ್ನು ಈ ದೃಶ್ಯ ಮುಗಿಯುವ ಮುಂಚೆಯೇ ತರುವುದು, ಎಡಿಟರ್‌ಗಳು ಜೆ ಕಟ್ ಅನ್ನುತ್ತಾರಲ್ಲ ಅದು, ಇಲ್ಲಿಯೇ ಬರೆದಿಟ್ಟುಕೊಳ್ಳಿ. ಕತ್ತಲ ಪರದೆಯ ಮೇಲೆ ಮೊದಲು ನಲ್ಲಿಯ ಸುಯ್, ಆಮೇಲೆ ಹುಡುಗಿ ಕಣ್ಣು ಬಿಡುವುದು. ಮೌನವನ್ನೂ ಬರೆಯಿರಿ. ಫ್ರಿಜ್ ಗುಂಯ್ ಅನ್ನುತ್ತಿರುವ ಮನೆಯಲ್ಲಿ ಅದು ಟಕ್ ಅಂತ ನಿಂತಾಗ ಮಾತ್ರ ಮೌನ ಕೇಳುತ್ತದೆ. ಶಬ್ದವನ್ನು ಸುಮ್ನೆ ಸೊನ್ನೆ ಮಾಡಿದರೆ ನೋಡುಗರು ಫೋನ್ ಕೆಟ್ಟಿತಾ ಅಂತ ವಾಲ್ಯೂಮ್ ಒತ್ತುತ್ತಾರೆ.

ಲೊಕೇಶನ್ ನೋಡೋಕೆ ಹೋದಾಗ ಎಲ್ಲರೂ ಫೋಟೋ ತೆಗೆಯುತ್ತಾರೆ. ಶೂಟಿಂಗ್ ಇಟ್ಟುಕೊಂಡ ಹೊತ್ತಿಗೇ, ಅದೇ ವಾರದ ದಿನವೇ ಹೋಗಿ, ಕಣ್ಣು ಮುಚ್ಚಿ ಕೂತು ಕೇಳಿ. ಬೆಂಗಳೂರಿನಲ್ಲಿ ಇದು ಜಾಸ್ತಿ ಮುಖ್ಯ. ಪಕ್ಕದ ಸೈಟಿನಲ್ಲಿ ಟೈಲ್ಸ್ ಕಟ್ ಮಾಡುತ್ತಿರಬಹುದು. ಎರಡು ಬೀದಿ ಆಚೆ ಬೋರ್‌ವೆಲ್ ಕೊರೆಯುತ್ತಿರಬಹುದು. ಯಶವಂತಪುರದ ಕಡೆ ರೈಲು, ಎಚ್‌ಎಎಲ್ ಕಡೆ ವಿಮಾನ. ಏಪ್ರಿಲ್‌ನಲ್ಲಿ ಬೆಳಗಿನ ಜಾವ ಕೋಗಿಲೆ ಕೂಗುತ್ತದೆ, ಅದು ಮಾತಿನ ನಡುವೆ ಒಮ್ಮೆ ಬಂದರೆ ಎಡಿಟ್‌ನಲ್ಲಿ ತೆಗೆಯುವುದು ಕಷ್ಟ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಇದು ನಿಮಗೂ ಅನ್ವಯ. ಮೂರು ಗಂಟೆಗೆ ವಠಾರದಲ್ಲಿ ಜನರೇಟರ್ ಹಾಕಿ ಆ್ಯಕ್ಷನ್ ಅಂತ ಕೂಗೋಕೆ ಆಗುವುದಿಲ್ಲ, ಕೂಗಲೂಬಾರದು. ಅಲ್ಲಿಯವರು ಬೆಳಗ್ಗೆ ಕೆಲಸಕ್ಕೆ ಹೋಗಬೇಕು. ಮುಂಚೆಯೇ ಮನೆ ಮನೆಗೆ ಹೋಗಿ ಹೇಳಿ, ಸಣ್ಣ ತಂಡ ಇಟ್ಟುಕೊಳ್ಳಿ, ಸನ್ನೆಯಲ್ಲಿ ಮಾತಾಡಿ.

ಮೈಕ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾವ ಕಂಪನಿಯ ಮೈಕ್ ಅನ್ನುವುದಕ್ಕಿಂತ ಬಾಯಿಂದ ಎಷ್ಟು ದೂರ ಅನ್ನುವುದು ಮುಖ್ಯ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಮಾತಿನ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸುತ್ತಲಿನ ಗಲಾಟೆ ಮಾತ್ರ ಇಳಿಯುವುದಿಲ್ಲ, ಅದು ಎಲ್ಲ ಕಡೆಯಿಂದಲೂ ಬರುತ್ತಿರುತ್ತದೆ. ಕ್ಯಾಮೆರಾ ಮೇಲೆ ದುಬಾರಿ ಮೈಕ್ ಇಟ್ಟು ಹತ್ತು ಅಡಿ ದೂರದಿಂದ ತೆಗೆಯುವುದಕ್ಕಿಂತ, ಸಾಧಾರಣ ಮೈಕನ್ನು ಕೋಲಿಗೆ ಕಟ್ಟಿ ಫ್ರೇಮಿನ ಅಂಚಿನವರೆಗೆ, ನಟರ ತಲೆಯಿಂದ ಒಂದೂವರೆ ಎರಡು ಅಡಿ ಮೇಲೆ ಹಿಡಿಯುವುದು ಎಷ್ಟೋ ಮೇಲು. ಏನೂ ಇಲ್ಲದಿದ್ದರೆ ಇನ್ನೊಂದು ಫೋನ್ ಇದೆಯಲ್ಲ. ಏರೋಪ್ಲೇನ್ ಮೋಡ್‌ಗೆ ಹಾಕಿ, ಶಬ್ದವನ್ನು ಕುಗ್ಗಿಸದೆ ಇಡುವ ವೇವ್ ಫೈಲ್ ರೆಕಾರ್ಡ್ ಮಾಡುವ ಆ್ಯಪ್ ಹಾಕಿ, ನಟರ ಮುಂದಿನ ಪಾತ್ರೆ ಪಗಡೆ ಹಿಂದೆ ಅಡಗಿಸಿಡಿ. ಪ್ರತಿ ಟೇಕಿನ ಮೊದಲು ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ, ಆಮೇಲೆ ಎರಡನ್ನೂ ಜೋಡಿಸೋಕೆ. ರೆಕಾರ್ಡರ್ ಇದ್ದರೆ ಅದರ ಸೆಟ್ಟಿಂಗ್ 48 ಕಿಲೋಹರ್ಟ್ಜ್, 24 ಬಿಟ್ ಇರಲಿ. ಜೋರು ಮಾತು ಮೀಟರ್‌ನಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸು ನಿಲ್ಲಲಿ. ಸೊನ್ನೆ ಮುಟ್ಟಿದರೆ ಶಬ್ದ ಒಡೆಯುತ್ತದೆ, ಅಜ್ಜಿ ಕೂಗುವ ಡೈಲಾಗನ್ನು ಮೊದಲೇ ಒಮ್ಮೆ ಕೂಗಿಸಿ ನೋಡಿ. ತಂಡದಲ್ಲಿ ಒಬ್ಬರಿಗೆ ವೈರ್ ಇರುವ ಹೆಡ್‌ಫೋನ್ ಹಾಕಿಸಿ, ಬ್ಲೂಟೂತ್ ಬೇಡ, ಅದು ತಡವಾಗಿ ಕೇಳಿಸುತ್ತದೆ. ಅವರಿಗೆ ಟೇಕ್ ನಿಲ್ಲಿಸುವ ಅಧಿಕಾರವೂ ಇರಬೇಕು. ನಿರ್ದೇಶಕರು "ಪರವಾಗಿಲ್ಲ, ಡಬ್ಬಿಂಗ್‌ನಲ್ಲಿ ನೋಡ್ಕೊಳ್ಳೋಣ" ಅಂತ ಅವರ ಬಾಯಿ ಮುಚ್ಚಿಸುವ ತಂಡಗಳನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರ ಆಗುತ್ತದೆ.

ನಮ್ಮ ಮನೆಗಳಲ್ಲಿ ನೆಲಕ್ಕೆ ಟೈಲ್ಸ್ ಅಥವಾ ಗ್ರಾನೈಟ್, ಗೋಡೆ ಖಾಲಿ. ಮಾತು ಗುಂಯ್ ಅನ್ನದೆ ಇನ್ನೇನು? ಕ್ಯಾಮೆರಾಗೆ ಕಾಣದ ಕಡೆ ಕಂಬಳಿ, ರಜಾಯಿ ತೂಗುಹಾಕಿ, ನೆಲಕ್ಕೆ ಹಾಸಿಗೆ ಹಾಕಿ. ಫ್ಯಾನ್, ಯುಪಿಎಸ್, ಫ್ರಿಜ್ ಆಫ್ ಮಾಡಿ. ಫ್ರಿಜ್ ಆಫ್ ಮಾಡಿದಾಗ ಗಾಡಿ ಕೀಯನ್ನು ಅದರೊಳಗೆ ಇಡುವುದು ಸೌಂಡ್‌ನವರ ಹಳೇ ಅಭ್ಯಾಸ. ಕೀ ತೆಗೆಯದೆ ಮನೆಗೆ ಹೋಗೋಕೆ ಆಗುವುದಿಲ್ಲ, ತೆಗೆಯುವಾಗ ಮತ್ತೆ ಆನ್ ಮಾಡುವುದು ನೆನಪಾಗುತ್ತದೆ, ಮನೆ ಕೊಟ್ಟವರ ಹಾಲು ಉಳಿಯುತ್ತದೆ. ದೃಶ್ಯ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ಅಲ್ಲಾಡದೆ ನಿಂತು ಒಂದು ನಿಮಿಷ ರೂಮ್ ಟೋನ್ ತೆಗೆದುಕೊಳ್ಳಿ. ಖಾಲಿ ಕೋಣೆಗೂ ಒಂದು ಶಬ್ದ ಇರುತ್ತದೆ, ಡೈಲಾಗ್‌ಗಳ ನಡುವಿನ ತೂತುಗಳನ್ನು ಅದರಿಂದಲೇ ಮುಚ್ಚಬೇಕು. ಅದಾದ ಮೇಲೆ ಕ್ಯಾಮೆರಾ ಇಲ್ಲದೆ ನಟರಿಂದ ಅದೇ ಮಾತುಗಳನ್ನು ಹತ್ತಿರದ ಮೈಕಿನಲ್ಲಿ ಇನ್ನೊಮ್ಮೆ ಹೇಳಿಸಿ, ವೈಲ್ಡ್ ಟ್ರ್ಯಾಕ್ ಅಂತಾರೆ. ಭಾವ ಇನ್ನೂ ಬಿಸಿ ಇರುವಾಗ ಹೇಳಿದ್ದು ಎರಡು ವಾರದ ನಂತರದ ಡಬ್ಬಿಂಗ್‌ಗಿಂತ ಚೆನ್ನಾಗಿರುತ್ತದೆ. ಬಿಂದಿಗೆ ತುಂಬುವುದನ್ನೂ ಹಾಗೆಯೇ ಪ್ರತ್ಯೇಕವಾಗಿ ತೆಗೆಯಿರಿ, ಪ್ಲಾಸ್ಟಿಕ್, ಸ್ಟೀಲ್, ಹಿತ್ತಾಳೆ ಮೂರರಲ್ಲೂ. ನಿಧಾನಕ್ಕೆ ಒಮ್ಮೆ, ಜೋರಾಗಿ ಒಮ್ಮೆ. ನೀರು ಚೆಲ್ಲಬೇಡಿ, ಅದನ್ನು ಆ ಮನೆಯವರಿಗೇ ತುಂಬಿಕೊಡಿ.

ಡಬ್ಬಿಂಗ್ ನಮ್ಮ ಚಿತ್ರರಂಗದಲ್ಲಿ ಅಷ್ಟು ಬೇರೂರಿದ್ದಕ್ಕೆ ಕಾರಣಗಳಿವೆ. ಕನ್ನಡದ ಮೊದಲ ಟಾಕಿ 1934ರಲ್ಲಿ ಬಂತು. ಆ ಕಾಲದಲ್ಲಿ ಮಾತನ್ನು ಶೂಟಿಂಗ್‌ನಲ್ಲೇ ಹಿಡಿಯುತ್ತಿದ್ದರು. ಆಮೇಲೆ ಕೈಯಲ್ಲಿ ಹಿಡಿದು ಓಡಾಡುವಷ್ಟು ಹಗುರವಾದ, ಆದರೆ ಗರಗರ ಶಬ್ದ ಮಾಡುವ ಕ್ಯಾಮೆರಾಗಳು ಬಂದವು, ಹೊರಾಂಗಣ ಜಾಸ್ತಿಯಾಯಿತು, ಮಾತು ಸ್ಟುಡಿಯೋಗೆ ಹೋಯಿತು. ನಿಮ್ಮ ಕೈಯಲ್ಲಿರುವ ಕ್ಯಾಮೆರಾಗಳು ಶಬ್ದವನ್ನೇ ಮಾಡುವುದಿಲ್ಲ. ಮಂಡ್ಯ ಕಡೆಯ ಹಳ್ಳಿಯವರನ್ನೇ ನಟರಾಗಿಸಿದ 'ತಿಥಿ'ಯಲ್ಲಿ ಅವರ ಮಾತನ್ನು ಅಲ್ಲೇ ಹಿಡಿದದ್ದರಿಂದ ಆ ಸೀಮೆಯ ಎಳೆತ, ಉಸಿರು, ಬೈಗುಳ ಎಲ್ಲ ಹಾಗೇ ಉಳಿದಿದೆ. ಸ್ಟುಡಿಯೋದಲ್ಲಿ ಆ ಅಜ್ಜಂದಿರನ್ನು ಕೂರಿಸಿ ತುಟಿಗೆ ಸರಿಯಾಗಿ ಹೇಳಿಸಿದ್ದರೆ ಇದು ಸಿಗುತ್ತಿತ್ತಾ? ಶ್ರೀರಾಮಪುರದ ಅಜ್ಜಿಗೂ ಇದೇ ಮಾತು.

ಸಂಗೀತದ ಬಗ್ಗೆ ಒಂದೇ ಮಾತು. ಸಿನಿಮಾ ಹಾಡು ಹಾಕಬೇಡಿ, ಯೂಟ್ಯೂಬ್ ತಾನಾಗಿಯೇ ಹಿಡಿಯುತ್ತದೆ. ಹಿನ್ನೆಲೆಯ ಟೀ ಅಂಗಡಿಯ ರೇಡಿಯೋದಲ್ಲಿ ಬಂದರೂ ಹಿಡಿಯಬಹುದು. ಪುರಂದರದಾಸರ ಪದಕ್ಕೆ ಹಕ್ಕುಸ್ವಾಮ್ಯ ಇಲ್ಲ, ಆದರೆ ಯಾರೋ ಹಾಡಿದ ರೆಕಾರ್ಡಿಂಗ್‌ಗೆ ಇರುತ್ತದೆ. ನಿಮ್ಮ ಕಾಲೇಜಿನಲ್ಲೇ ಹಾಡುವವರು ಇರುತ್ತಾರೆ, ಅವರನ್ನು ಕೇಳಿ, ಒಪ್ಪಿಗೆ ಬರೆಸಿಕೊಳ್ಳಿ, ಹೆಸರು ಹಾಕಿ. ಫ್ರೀಸೌಂಡ್ ಅನ್ನುವ ವೆಬ್‌ಸೈಟಿನಿಂದ ಶಬ್ದ ಇಳಿಸಿಕೊಂಡರೆ ಪ್ರತಿಯೊಂದರ ಲೈಸೆನ್ಸ್ ಓದಿ, ಎಲ್ಲವೂ ಒಂದೇ ಥರ ಇರುವುದಿಲ್ಲ.

ರಫ್ ಕಟ್, ಅಂದರೆ ಮೊದಲ ಕಚ್ಚಾ ಎಡಿಟ್, ಆದಾಗ ಮತ್ತೆ ನೋಡುಗರ ಹತ್ತಿರ ಹೋಗಿ. ತೋರಿಸುವ ಮುಂಚೆ ಏನೂ ವಿವರಿಸಬೇಡಿ. "ಇನ್ನೂ ಸೌಂಡ್ ಆಗಿಲ್ಲ, ಇಲ್ಲಿ ಒಂದು ಶಾಟ್ ಬರುತ್ತೆ" ಅಂತ ಶುರು ಮಾಡಿದರೆ ಅವರು ನಿಮ್ಮ ಕಷ್ಟ ನೋಡುತ್ತಾರೆ, ಚಿತ್ರ ನೋಡುವುದಿಲ್ಲ. ನೀವು ಪರದೆ ನೋಡಬೇಡಿ, ಅವರನ್ನು ನೋಡಿ. ಯಾವ ನಿಮಿಷದಲ್ಲಿ ಫೋನ್ ಕಡೆ ಕೈ ಹೋಯಿತು, ಯಾವಾಗ ಮುಂದೆ ಬಾಗಿದರು, ಬಿಂದಿಗೆ ಸ್ವರ ಏರುವಾಗ ಮುಖ ಹೇಗಿತ್ತು, ಬರೆದುಕೊಳ್ಳಿ. ಮುಗಿದ ಮೇಲೆ "ಹೇಗಿತ್ತು?" ಅಂತ ಕೇಳಿದರೆ "ಸೂಪರ್" ಅಂತ ಬರುತ್ತದೆ. "ಕತೆ ನಿಮ್ಮ ತಮ್ಮನಿಗೆ ಹೇಳೋ ಹಾಗೆ ಹೇಳಿ" ಅನ್ನಿ. ಅಜ್ಜಿ ಎಚ್ಚರ ಇದ್ದಳು ಅನ್ನುವುದು ಅವರ ಬಾಯಲ್ಲಿ ಬರದಿದ್ದರೆ ಅದು ಅವರಿಗೆ ತಲುಪಿಲ್ಲ. ಆಗ ಇನ್ನೊಂದು ಶಾಟ್ ತೆಗೆಯೋಕೆ ಓಡಬೇಡಿ, ಶಬ್ದದಲ್ಲಿ ಆಗುತ್ತದಾ ನೋಡಿ: ಹುಡುಗಿ "ಹೋಗ್ತೀನಿ" ಅಂದ ಕ್ಷಣಕ್ಕೆ ಒಳಗಿನ ಗೊರಕೆ ನಿಂತರೆ ಸಾಕು.

ಬೇರೆ ಒಬ್ಬರಿಗೆ ಚಿತ್ರ ಮುಚ್ಚಿ ಶಬ್ದ ಮಾತ್ರ ಕೇಳಿಸಿ, ಇನ್ನೊಬ್ಬರಿಗೆ ಶಬ್ದ ನಿಲ್ಲಿಸಿ ಚಿತ್ರ ಮಾತ್ರ ತೋರಿಸಿ. ಎರಡೂ ಮಾಡಿ. ಶಬ್ದ ಇಲ್ಲದೆ ನೋಡುವವರಿಗೆ, ಕಿವಿ ಕೇಳದವರಿಗೆ ಸಬ್‌ಟೈಟಲ್‌ನಲ್ಲಿ ಮಾತಿನ ಜೊತೆ ಮುಖ್ಯ ಶಬ್ದಗಳನ್ನೂ ಬರೆಯಬೇಕು. ಬೆಂಗಳೂರಿನಲ್ಲಿ ಕನ್ನಡ ಮನೆಮಾತು ಅಂತ 2011ರ ಜನಗಣತಿಯಲ್ಲಿ ಬರೆಸಿದವರು ಅರ್ಧಕ್ಕಿಂತ ಕಡಿಮೆ. ನಿಮ್ಮ ವಠಾರದ ಕತೆ ಪಕ್ಕದ ಮನೆಯ ತಮಿಳು, ತೆಲುಗು, ಉರ್ದು ಮಾತಾಡುವವರದ್ದೂ ಹೌದು, ಅವರಿಗೂ ನಲ್ಲಿಯ ಶಬ್ದ ಗೊತ್ತು. ಕೊನೆಯ ಮಿಕ್ಸ್ ಆದ ಮೇಲೆ ಅದನ್ನು ಫೋನಿಗೆ ಹಾಕಿಕೊಂಡು ನಿಜವಾಗಿಯೂ ಒಂದು ಬಸ್ ಹತ್ತಿ ಕೇಳಿ. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅನ್ನುವುದರ ಅಳತೆ ಅದು) ಜೋರಾಗಿರುವುದನ್ನು ತಗ್ಗಿಸುತ್ತದೆ, ಮೆಲ್ಲಗಿರುವುದನ್ನು ಸಾಮಾನ್ಯವಾಗಿ ಏರಿಸುವುದಿಲ್ಲ. ಮಾತು ಮೆಲ್ಲಗಿದ್ದರೆ ಮೆಲ್ಲಗೇ ಇರುತ್ತದೆ.

ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು.

"ಮೇಡಂ, ದುಡ್ಡು ಸ್ವಲ್ಪವೇ ಇದೆ, ಯಾವುದಕ್ಕೆ ಹಾಕೋದು?" ಮೈಕ್, ರೆಕಾರ್ಡರ್ ಬಾಡಿಗೆಗೆ. ಉಳಿದದ್ದು ಊಟಕ್ಕೆ. ಕ್ಯಾಮೆರಾ ನಿಮ್ಮ ಜೇಬಿನಲ್ಲೇ ಇದೆ.

"ಎಷ್ಟು ಜನಕ್ಕೆ ತೋರಿಸಬೇಕು?" ಒಬ್ಬೊಬ್ಬರಾಗಿ ಐದಾರು ಜನ ಸಾಕು, ಒಂದೇ ಜಾಗದಲ್ಲಿ ಮೂರು ಜನ ಎಡವಿದರೆ ಅಲ್ಲಿ ಕೆಲಸ ಇದೆ. ತಿದ್ದಿದ ಮೇಲೆ ಹೊಸಬರಿಗೆ ತೋರಿಸಿ. ಒಮ್ಮೆ ನೋಡಿದವರಿಗೆ ಗೊಂದಲ ಮತ್ತೆ ಹುಟ್ಟುವುದಿಲ್ಲ.

"ನೋಡುಗರು ಹೇಳಿದ್ದನ್ನೆಲ್ಲ ಮಾಡಿದರೆ ಅದು ನಮ್ಮ ಚಿತ್ರ ಹೇಗಾಗುತ್ತೆ?" ಅಂತ ಹಿಂದಿನ ಸಾಲಿನ ಹುಡುಗಿ ಕೇಳಿದಳು, ಒಳ್ಳೆಯ ಪ್ರಶ್ನೆ. ಅವರು ಹೇಳಿದ್ದನ್ನು ಮಾಡಿ ಅಂತ ನಾನು ಹೇಳುತ್ತಿಲ್ಲ. ಅವರಿಗೆ ಏನು ಕೇಳಿಸಿತು, ಏನು ಅರ್ಥವಾಯಿತು ಅಂತ ತಿಳಿದುಕೊಳ್ಳಿ ಅನ್ನುತ್ತಿದ್ದೇನೆ. ಬಿಂದಿಗೆ ಶಬ್ದ ಕಿರಿಕಿರಿ ಅಂತ ಆರು ಜನರೂ ಹೇಳಿದರೆ, ನಿಮಗೆ ಬೇಕಿದ್ದದ್ದು ಕಿರಿಕಿರಿಯೇ ಆದರೆ, ಮುಟ್ಟಬೇಡಿ. ಅಂತ್ಯ ಸುಖವಾಗಿರಲಿ ಅಂದರೆ ಕೇಳಿಸಿಕೊಂಡು ಥ್ಯಾಂಕ್ಸ್ ಹೇಳಿ ಬನ್ನಿ. ಆದರೆ ಅಜ್ಜಿಯನ್ನು ಅಮ್ಮ ಅಂದುಕೊಂಡೆ ಅಂದರೆ ಅದನ್ನು ತಿದ್ದಲೇಬೇಕು.

"ಈ ನೀರಿನ ಕತೆಯನ್ನು ನಾವೇ ಮಾಡಬಹುದಾ?" ಧಾರಾಳವಾಗಿ ಮಾಡಿ, ಎರಡು ಮೂರು ತಂಡ ಮಾಡಿದರೂ ಪರವಾಗಿಲ್ಲ. ನಿಮ್ಮ ಏರಿಯಾಗೆ ನೀರು ಹೇಗೆ ಬರುತ್ತದೆ ಅಂತ ಮೊದಲು ವಿಚಾರಿಸಿಕೊಂಡು ಬನ್ನಿ. ವೈಟ್‌ಫೀಲ್ಡ್ ಕಡೆ ಟ್ಯಾಂಕರ್ ನಂಬಿಕೊಂಡ ಲೇಔಟ್ ಆದರೆ ಶಬ್ದಗಳೇ ಬೇರೆ. ರಿವರ್ಸ್ ಹಾರ್ನ್, ದಪ್ಪ ಪೈಪು ನೆಲಕ್ಕೆ ಬೀಳುವುದು, ಸಂಪಿನೊಳಗೆ ನೀರು ಸುರಿಯುವುದು, ದುಡ್ಡಿಗೆ ಜಗಳ. ಅಲ್ಲಿ ಬಿಂದಿಗೆಯ ಸ್ವರ ಏರುವುದಿಲ್ಲ, ಕಾಯುವುದು ಬೇರೆ ಥರ ಕೇಳುತ್ತದೆ. ಅಲ್ಲಿನ ವಾಚ್‌ಮನ್‌ಗೆ ಟ್ಯಾಂಕರ್ ಬಂತು ಅಂತ ಎಷ್ಟು ದೂರದಿಂದ, ಯಾವ ಶಬ್ದದಿಂದ ಗೊತ್ತಾಗುತ್ತದೆ ಅಂತ ಕೇಳಿ, ಅಲ್ಲಿಂದ ಶುರು ಮಾಡಿ.